ಹೊತ್ತಿತು ಎನ್ನುವ ಕೆಲಸ

ಹರೆಯದ ಅಷ್ಟೂ ವರ್ಷ ನಾನು ಹೊಟ್ಟೆ ಹೊರೆದದ್ದು ಒಂದೇ ಒಂದು ಮಾತಿನಿಂದ ಎಂದರೆ ಈಗಿನವರು ನಗುತ್ತಾರೆ. "ಹೊತ್ತಿತು" ಎನ್ನುವುದು ಆ ಮಾತು. ಕೆಲವು ಸಲ "ಹೊತ್ತಲಿಲ್ಲ" ಎಂದೂ ಹೇಳಬೇಕಾಗುತ್ತಿತ್ತು. "ಹಾಗಾದ್ರೆ ಎರಡು ಮಾತಾಯ್ತಲ್ಲೇ, ಸಂಬಳ ಜಾಸ್ತಿ ಕೇಳು" ಎಂದು ಅಕ್ಕ ಛೇಡಿಸುತ್ತಿದ್ದಳು.

ನಮ್ಮ ಅಜ್ಜಿಯ ಕಾಲದವರೆಗೆ ಆಕಾಶದಲ್ಲಿ ಎರಡು ಚಂದ್ರ ಇದ್ದವಂತೆ. ಚಿಕ್ಕದರಲ್ಲಿ ಗಣಿ ತೋಡಿದರು. ತೋಡುತ್ತ ತೋಡುತ್ತ ಅದು ಒಂದು ದಿನ ಒಡೆದೇಹೋಯಿತು. ಚೂರುಗಳೆಲ್ಲ ಬೂದಿಬಣ್ಣದ ಪಟ್ಟಿಯ ಹಾಗೆ ಆಕಾಶದ ಈ ಅಂಚಿನಿಂದ ಆ ಅಂಚಿಗೆ ಹರಡಿಕೊಂಡವು. ನಾವು ಹುಟ್ಟುವ ಹೊತ್ತಿಗೆ ಆ ಪಟ್ಟಿ ಯಾರಿಗೂ ವಿಶೇಷವಾಗಿ ಉಳಿದಿರಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗದಷ್ಟು ಸಹಜವಾಗಿತ್ತು. ಆದರೆ ಅದರಿಂದ ಆಗಾಗ ಕಲ್ಲು ಕಳಚಿ ಬೀಳುತ್ತಿತ್ತು. ಸಣ್ಣವು ದಾರಿಯಲ್ಲೇ ಉರಿದು ಬೂದಿಯಾಗುತ್ತಿದ್ದವು. ದೊಡ್ಡವು ನೆಲದವರೆಗೆ ಬರುತ್ತಿದ್ದವು, ಬಂದರೆ ಒಂದು ಬೀದಿಯೇ ಇಲ್ಲವಾಗುತ್ತಿತ್ತು. ಅದಕ್ಕೇ ಪ್ರತಿ ಊರಿನ ಪಕ್ಕದಲ್ಲೂ ಒಂದು ಫಿರಂಗಿಗುಡ್ಡ ಇರುತ್ತಿತ್ತು. ಕಲ್ಲು ಬರುವುದು ಕಂಡರೆ ಅದು ಇನ್ನೂ ಮೇಲಿರುವಾಗಲೇ ಹೊಡೆದು ಪುಡಿಮಾಡಬೇಕು. ಪುಡಿಯಾದರೆ ಮಿಕ್ಕದ್ದನ್ನು ಗಾಳಿಯೇ ಸುಟ್ಟುಹಾಕುತ್ತಿತ್ತು.

ಬರಿಯ ಫಿರಂಗಿಯ ಗುಂಡು ಅಷ್ಟೆತ್ತರ ಹೋಗಲಾರದು. ಅರ್ಧ ದಾರಿಗೆ ಸುಸ್ತಾಗಿ ತಲೆ ತಗ್ಗಿಸಿಬಿಡುತ್ತದೆ. ಆದ್ದರಿಂದ ನಮ್ಮ ಗುಂಡುಗಳ ಬಾಲದಲ್ಲಿ ಒಂದು ಪುಟ್ಟ ರಾಕೆಟ್ಟು ಇರುತ್ತಿತ್ತು. ಫಿರಂಗಿ ಒಮ್ಮೆ ನೂಕಿ ಕೈಬಿಡುತ್ತಿತ್ತು. ಆ ನೂಕು ತೀರುವ ಹೊತ್ತಿಗೆ ಬಾಲದ ಮದ್ದು ಹೊತ್ತಿಕೊಂಡು ಗುಂಡು ಇನ್ನೊಮ್ಮೆ ಜಿಗಿಯುತ್ತಿತ್ತು. ಕಾಗದಪತ್ರದಲ್ಲಿ ಅದಕ್ಕೆ ಏನೋ ಉದ್ದದ ಹೆಸರಿತ್ತು. ಊರಿನವರೆಲ್ಲ ಜಿಗಿಗುಂಡು ಎನ್ನುತ್ತಿದ್ದೆವು.

ನನ್ನ ಕೆಲಸ ನೀರಿನ ಟ್ಯಾಂಕಿನ ಮೇಲಿನ ಕಾವಲುಗೂಡಿನಲ್ಲಿ. ನಿಲುವುಗಂಬಕ್ಕೆ ಬಿಗಿದ ದೊಡ್ಡ ದುರ್ಬೀನು, ತಿರುಗುವ ಕುರ್ಚಿ, ಗುಡ್ಡಕ್ಕೆ ನೇರವಾಗಿ ಹೋಗುವ ಒಂದು ಫೋನು. ಗುಂಡು ಹಾರಿದ ಮೇಲೆ ಅದರ ಬಾಲ ಹೊತ್ತಿತೋ ಇಲ್ಲವೋ ನೋಡಿ ಹೇಳಬೇಕು. ಹೊತ್ತದ ಗುಂಡು ವಾಪಸು ಬೀಳುತ್ತದಲ್ಲ, ಎಲ್ಲಿ ಬೀಳುತ್ತದೆಂದೂ ಹೇಳಬೇಕು. ಉಳಿದ ಹೊತ್ತೆಲ್ಲ ಆಕಾಶ ನೋಡುತ್ತ ಕೂರುವುದು. ನೋಡಿ ನೋಡಿ ನನ್ನ ಕುತ್ತಿಗೆ ಹಿಂದಕ್ಕೇ ವಾಲಿಬಿಟ್ಟಿತ್ತು. ಅಕ್ಕ ನನ್ನನ್ನು ಗೂಬೆ ಎಂದೇ ಕರೆಯುತ್ತಿದ್ದಳು.

ಅಕ್ಕನದು ಗುಂಡಿನ ಕಾರ್ಖಾನೆಯ ಮದ್ದಿನಮನೆಯಲ್ಲಿ ಕೆಲಸ. ಆ ಮದ್ದು ಪುಡಿಯಲ್ಲ, ಹದವಾಗಿ ಕಲಸಿದ ಹಿಟ್ಟಿನಂತಿರುತ್ತಿತ್ತು. ಅದನ್ನು ಬೆಚ್ಚಗಿನ ಉಕ್ಕಿನ ಕೊಳವೆಗೆ ನಿಧಾನವಾಗಿ ಇಳಿಬಿಡಬೇಕು. ಒಳಗಿನ ಗಾಳಿಯನ್ನೆಲ್ಲ ಪಂಪು ಹಾಕಿ ಹೀರಿ ತೆಗೆಯಬೇಕು. ನಡುವೆ ನಕ್ಷತ್ರದ ಆಕಾರದ ಒಂದು ಕಡ್ಡಿ ನಿಲ್ಲಿಸಿ, ಬಿಸಿ ಕಪಾಟಿನಲ್ಲಿಟ್ಟು, ಮದ್ದು ರಬ್ಬರಿನಂತೆ ಗಟ್ಟಿಯಾದ ಮೇಲೆ ಕಡ್ಡಿಯನ್ನು ಹಿಡಿದೆಳೆಯಬೇಕು. ಒಳಗೆ ಒಂದು ಗುಳ್ಳೆ ಉಳಿದಿದ್ದರೂ ಮೇಲೆ ಹೋದಾಗ ಕೊಳವೆ ಸೀಳಿಹೋಗುತ್ತಿತ್ತು. ಕಿಡಿ ಹಾರಬಾರದೆಂದು ಅಲ್ಲಿ ಮರದ ಸುತ್ತಿಗೆ, ತಾಮ್ರದ ಚಮಚ, ಉಣ್ಣೆಯ ಚಪ್ಪಲಿ. ಬಳೆ, ಪಿನ್ನು, ಸೇಫ್ಟಿಪಿನ್ನು ಯಾವುದೂ ಒಳಗೆ ಹೋಗುವಂತಿಲ್ಲ. ಮೈಯ ವಿದ್ಯುತ್ತು ಇಳಿಯಲೆಂದು, ಒಳಹೋಗುವ ಮುಂಚೆ ಬಾಗಿಲ ಪಕ್ಕದ ತಾಮ್ರದ ಹಲಗೆಯನ್ನು ಅಂಗೈಯಿಂದ ಮುಟ್ಟಬೇಕು. ಅಕ್ಕನಿಗೆ ಅದೆಷ್ಟು ಅಭ್ಯಾಸವಾಗಿತ್ತೆಂದರೆ ಮನೆಯ ಬಾಗಿಲು ದಾಟುವಾಗಲೂ ಗೋಡೆಯನ್ನೊಮ್ಮೆ ಮುಟ್ಟುತ್ತಿದ್ದಳು. ಅವಳ ಬೆರಳುಗಳಿಗೆ ಸುಟ್ಟ ಸಕ್ಕರೆಯಂಥ ವಾಸನೆ. ಎಂಥ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ತಲೆ ಸವರಿದರೆ ನನ್ನ ಕೂದಲಿಗೂ ಆ ವಾಸನೆ ಹತ್ತುತ್ತಿತ್ತು.

ಸೈರನ್ ಕೂಗಿತೆಂದರೆ ಮೊದಲು ಮುಚ್ಚುತ್ತಿದ್ದುದು ಮದ್ದಿನಮನೆಯ ಬಾಗಿಲು. ಅಲ್ಲಿಯವರೆಲ್ಲ ನೆಲಮಾಳಿಗೆಗೆ ಇಳಿಯಬೇಕು. ಮೇಲೊಂದು ಬೆಂಕಿಯ ಚೂರು ಬಿದ್ದರೆ ಗತಿಯೇನು? ಹೀಗಾಗಿ ಅಷ್ಟು ವರ್ಷ ಜಿಗಿಗುಂಡಿನ ಮದ್ದು ತುಂಬಿದ ಅಕ್ಕ, ಒಂದೇ ಒಂದು ಗುಂಡು ಹೊತ್ತಿಕೊಂಡದ್ದನ್ನೂ ಕಣ್ಣಾರೆ ಕಂಡವಳಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆದವಳೇ ಕೇಳುತ್ತಿದ್ದಳು.

"ಹೇಗಿತ್ತೇ ಇವತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ಬಿಡಿಸಿ ಹೇಳೇ ಗೂಬೆ. ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ?"

ನಾನು ಬಿಡಿಸಿ ಹೇಳುತ್ತಿದ್ದೆ. ಮೊದಲು ಗುಡ್ಡ ಗುಡುಗುತ್ತದೆ, ಕಿಟಕಿಯ ಗಾಜು ಝಲ್ಲೆನ್ನುತ್ತದೆ. ಗುಂಡು ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಆಕಾಶ ಖಾಲಿ. ಎಲ್ಲರೂ ಅದನ್ನು ಮರೆತೇಬಿಟ್ಟರೇನೋ ಎನ್ನುವಷ್ಟು ಹೊತ್ತು ಖಾಲಿ. ಆಮೇಲೆ, ನಾವು ನೋಡುತ್ತಿರುವ ಜಾಗಕ್ಕಿಂತ ಒಂಚೂರು ಮೇಲೆ, ಒಲೆ ಹಚ್ಚಿದ ಹಾಗೆ ಫಕ್ಕನೆ ಒಂದು ನೀಲಿ ಬೆಳಕು. ಅಂಚಿನಲ್ಲಿ ಸ್ವಲ್ಪ ಹಸಿರು. ಅದು ಹೂವಿನಂತೆ ಅರಳುವುದಿಲ್ಲ, ಸೂಜಿಯಂತೆ ಉದ್ದವಾಗುತ್ತದೆ. ಅಕ್ಕ ಕೈಯಲ್ಲಿ ಟವೆಲ್ಲು ಹಿಡಿದುಕೊಂಡು ಕೇಳುತ್ತ ನಿಂತುಬಿಡುತ್ತಿದ್ದಳು. "ಹಳದಿ ಇತ್ತಾ?" ಎಂದು ಕೇಳುತ್ತಿದ್ದಳು. ಹಳದಿ ಇದ್ದರೆ ಮದ್ದಿಗೆ ತೇವ ತಗುಲಿದೆ ಎಂದು ಅರ್ಥ. ಇರಲಿಲ್ಲ ಎಂದರೆ ಅವತ್ತು ಎರಡು ತುತ್ತು ಜಾಸ್ತಿ ತಿನ್ನುತ್ತಿದ್ದಳು.

ಇನ್ನು ಗುಡ್ಡದ ಮೇಲೆ ಫಿರಂಗಿ ಹಾರಿಸುತ್ತಿದ್ದವನ ಮಾತು. ಅವನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ಫಿರಂಗಿಯ ಪಕ್ಕದಲ್ಲೇ ನಿಂತು ನಿಂತು ಅವನ ಕಿವಿ ಮುಕ್ಕಾಲು ಹೋಗಿತ್ತು. ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂದು ತಿಳಿದವನಂತೆ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದ. ಅವನು ಗುಡ್ಡದಿಂದ ಇಳಿದು ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ಕೇಳಿದರೆ ಮೂರನೇ ಬೀದಿಯವರಿಗೂ ಅವನ ಮನೆಯಲ್ಲಿ ಬೆಂಕಿಪೊಟ್ಟಣ ಮುಗಿದದ್ದು ತಿಳಿಯುತ್ತಿತ್ತು. ಫೋನು ಅವನಿಗೆ ಆಗಿಬರುತ್ತಿರಲಿಲ್ಲ. ಗುಂಡು ತುಂಬುವ ಸಹಾಯಕ ಫೋನೆತ್ತಿ, ನಾನು ಹೇಳಿದ್ದನ್ನು ಅವನಿಗೆ ಕೈಸನ್ನೆಯಲ್ಲಿ ಹೇಳುತ್ತಿದ್ದ. ಹೆಬ್ಬೆರಳು ಮೇಲೆತ್ತಿದರೆ ಹೊತ್ತಿತು, ಕೆಳಗೆ ಮಾಡಿದರೆ ಹೊತ್ತಲಿಲ್ಲ.

ಒಂದು ಮಧ್ಯಾಹ್ನ ನಾನು ನೋಡುತ್ತಿದ್ದ ಗುಂಡು ಹೊತ್ತಲೇ ಇಲ್ಲ. ಸರಿ, ಎಲ್ಲಿಗೆ ಬೀಳುತ್ತದೆ ಎಂದು ದುರ್ಬೀನು ತಿರುಗಿಸಿದರೆ ಅದು ಹೋದ ದಾರಿಯಲ್ಲೇ ನೆಟ್ಟಗೆ ವಾಪಸು ಬರುತ್ತಿದೆ.

"ಹೊತ್ತಲಿಲ್ಲ! ನಿಮ್ಮ ಅಡುಗೆಮನೆ ಮೇಲೇ ಬರ್ತಿದೆ, ಓಡಿ!" ಎಂದು ಕಿರುಚಿದೆ.

ಪುಣ್ಯಕ್ಕೆ ಎಲ್ಲರೂ ಓಡಿದರು. ಗುಂಡು ಅಡುಗೆಮನೆಯ ತಗಡು ತೂರಿ, ಆಗಷ್ಟೇ ಒಲೆಯಿಂದ ಇಳಿಸಿದ್ದ ಊಟದ ಪಾತ್ರೆ ತೂರಿ, ನೆಲದಲ್ಲಿ ಕುತ್ತಿಗೆವರೆಗೆ ಹೂತು ನಿಂತಿತು. ಸಿಡಿಯಲಿಲ್ಲ. ಜೀವ ಉಳಿಯಿತು, ಊಟ ಹೋಯಿತು.

ಗುಡುಗಣ್ಣನಿಗೆ ಯಾವುದಕ್ಕೆ ಹೆಚ್ಚು ಸಿಟ್ಟು ಬಂತೋ ಗೊತ್ತಿಲ್ಲ. ಗುಂಡಿನ ಬಾಲದ ಕೊಳವೆಯನ್ನು ತಿರುಚಿ ಬಿಚ್ಚಿ, ಕಂಕುಳಲ್ಲಿ ಇರುಕಿಕೊಂಡು, ಹಸಿದ ಹೊಟ್ಟೆಯಲ್ಲಿ ಗುಡ್ಡ ಇಳಿದು ಕಾರ್ಖಾನೆಗೆ ನುಗ್ಗಿದ. ಒಳಗೆ ಮದ್ದು ತುಂಬಿರುವ ಕೊಳವೆಯನ್ನು ಕುಂಬಳಕಾಯಿಯ ಹಾಗೆ ಹಿಡಿದುಕೊಂಡು ಬರುತ್ತಿರುವವನನ್ನು ನೋಡಿ ಮೇಸ್ತ್ರಿ ಎರಡೂ ಕೈ ಮೇಲೆತ್ತಿ ಗೋಡೆಗೆ ಅಂಟಿಕೊಂಡರಂತೆ.

"ಯಾರು ತುಂಬಿದ್ದು ಇದನ್ನ? ಕರೀರಿ ಅವರನ್ನ!" ಎಂದು ಗುಡುಗಣ್ಣ ಅಂಗಳದ ನಡುವೆ ನಿಂತು ಗರ್ಜಿಸಿದ.

ಕೊಳವೆಯ ಮೇಲೆ ಒತ್ತಿದ ಗುರುತು ಅಕ್ಕನದು. ಅವಳು ಉಣ್ಣೆಯ ಚಪ್ಪಲಿ ಬಿಚ್ಚಿಟ್ಟು ಹೊರಗೆ ಬಂದಳು.

"ನಾನೇ. ಏನಾಯ್ತು?"

"ಏನಾಯ್ತಾ? ನಮ್ಮ ಊಟ ಮಣ್ಣುಪಾಲಾಯ್ತು! ಒಂದು ಕ್ಷಣ ತಡವಾಗಿ ಓಡಿದ್ರೆ ಅಡುಗೆಯವರ ತಲೇನೇ ಹೋಗ್ತಿತ್ತು! ಮದ್ದು ತುಂಬಿದೀವಿ ಅಂತ ಹೇಳಿ ಮಣ್ಣು ತುಂಬಿ ಕಳಿಸ್ತೀರಾ? ನಮಗೇ ಟೋಪಿ ಹಾಕ್ತೀರಾ?"

ಅಕ್ಕ ಅವನ ಕಂಕುಳಿನಿಂದ ಕೊಳವೆಯನ್ನು ಮೆಲ್ಲಗೆ ಬಿಡಿಸಿಕೊಂಡು, ತಿರುಗಿಸಿ, ಬಾಲದ ತುದಿಯನ್ನು ಅವನ ಮೂಗಿಗೆ ಹಿಡಿದಳು. ಅಲ್ಲಿ ಕೆಂಪು ಮುಚ್ಚಳ ಭದ್ರವಾಗಿ ಕೂತಿತ್ತು. ಹತ್ತಿರದ ಕಲ್ಲಾದರೆ ರಾಕೆಟ್ಟು ಬೇಡ, ಮುಚ್ಚಳ ಇದ್ದ ಹಾಗೆಯೇ ಹಾರಿಸುತ್ತಾರೆ. ದೂರದ್ದಾದರೆ ಮುಚ್ಚಳ ತೆಗೆದು ಹಾರಿಸಬೇಕು. ಗುಡ್ಡದವರು ಅದನ್ನು ಟೋಪಿ ಎಂದೇ ಕರೆಯುತ್ತಿದ್ದರು.

"ಟೋಪಿ ಹಾಕಿದ್ದು ನಾವೇ, ನಿಜ. ತೆಗೀಬೇಕಾದವರು ನೀವು" ಎಂದಳು ಅಕ್ಕ.

"ಏನು?" ಎಂದ ಅವನು. ಕೇಳಿಸಿರಲಿಲ್ಲ.

ಅಕ್ಕ ಎದೆಯ ತುಂಬ ಉಸಿರು ತುಂಬಿಕೊಂಡು, ಅದೇ ಮಾತನ್ನು ಅವನಿಗಿಂತ ಜೋರಾಗಿ ಕೂಗಿದಳು. ಕಾರ್ಖಾನೆಯ ಯಂತ್ರಗಳು ಒಂದೊಂದಾಗಿ ನಿಂತವು. ಕಿಟಕಿಗಳಲ್ಲಿ ತಲೆಗಳು ಕಂಡವು. ಗುಡುಗಣ್ಣ ಮುಚ್ಚಳವನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಮುಚ್ಚಳವನ್ನು ನೋಡಿದ. ಅವನ ಮುಖ ಆ ಮುಚ್ಚಳದ ಬಣ್ಣಕ್ಕೇ ತಿರುಗಿತಂತೆ. ಹುಟ್ಟಿದಾರಭ್ಯ ಮೊದಲ ಸಲ ಮೆಲ್ಲಗೆ ಮಾತಾಡಿದ: "ತಪ್ಪಾಯ್ತು."

"ಏನು?" ಎಂದು ಅಕ್ಕ ಕಿವಿಗೆ ಕೈ ಕೊಟ್ಟಳು. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು.

ಮರುದಿನ ಅವನು ಮತ್ತೆ ಬಂದ. ಹಿಂದಿನ ದಿನ ಅಂಗಳದ ತುಂಬ ಬೈದಿದ್ದೇನೆ, ಆದ್ದರಿಂದ ಕ್ಷಮೆಯನ್ನೂ ಅಂಗಳದ ತುಂಬ ಕೇಳಬೇಕು ಎನ್ನುವುದು ಅವನ ನ್ಯಾಯ. ಕೇಳಿದ ಕೂಡ. ಅದರ ಮರುದಿನ ಏಕೆ ಬಂದನೆಂದು ಅವನಿಗೂ ಹೇಳಲಾಗಲಿಲ್ಲ. "ಮುಚ್ಚಳ ಸರಿಯಾಗಿ ತೆಗೆಯೋದು ಹೇಗೆ ಅಂತ ತಿಳ್ಕೊಂಡು ಹೋಗೋಣ ಅಂತ" ಎಂದನಂತೆ. ಅಷ್ಟು ವರ್ಷದಿಂದ ಫಿರಂಗಿ ಹಾರಿಸುತ್ತಿರುವ ಮನುಷ್ಯ! ಅಕ್ಕನೂ ನಗದೆ ಕೂತು ತೋರಿಸಿಕೊಟ್ಟಳು.

ಹೀಗೆ ಶುರುವಾಯಿತು ಅವರ ಒಡನಾಟ. ಉಳಿದವರು ಪಿಸುಮಾತಿನಲ್ಲಿ ಪ್ರೀತಿ ಮಾಡುತ್ತಾರೆ. ಇವರದು ಕೂಗಿ ಕೂಗಿ. ಕಾರ್ಖಾನೆಯ ಗೇಟಿನ ಹತ್ತಿರ ನಿಂತು ಅಕ್ಕ "ನಾಳೆ ಬರ್ತೀರಾ?" ಎಂದು ಕೂಗಿದರೆ ಗೇಟಿನ ಕಾವಲುಗಾರನೇ "ಬರ್ತಾರಂತಮ್ಮ" ಎಂದು ಉತ್ತರ ಕೊಟ್ಟುಬಿಡುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ವಿಷಯ ಅಮ್ಮನಿಗೆ ತಿಳಿಯದೆ ಇರುತ್ತದೆಯೇ?

"ಕಿವಿ ಕೇಳದವನ ಜತೆ ಹೇಗೆ ಸಂಸಾರ ಮಾಡ್ತೀಯೇ?" ಎಂದು ಅಮ್ಮ ಕೇಳಿದಳು.

"ಕಿವಿ ಕೇಳೋವ್ರ ಜತೆ ನೀನು ಮಾಡ್ಲಿಲ್ವಾ? ಅಪ್ಪ ಯಾವತ್ತು ನಿನ್ನ ಮಾತು ಕೇಳಿದ್ರು?" ಎಂದಳು ಅಕ್ಕ.

ಅಮ್ಮ ತೀರಿಹೋದ ಅಪ್ಪನ ಪಟದ ಕಡೆ ನೋಡಿದಳು. ಆದರೆ ಒಪ್ಪಿಗೆ ಕೊಡಲಿಲ್ಲ. ಮನೆಗೆ ಕರೆದುಕೊಂಡು ಬಾ ಎಂದೂ ಹೇಳಲಿಲ್ಲ.

ಒಮ್ಮೆ ಗೇಟಿನ ಹತ್ತಿರ ಗುಡುಗಣ್ಣ ನನ್ನನ್ನೂ ನಿಲ್ಲಿಸಿ, "ಅದು ಮೇಲೆ ಹೊತ್ತಿಕೊಂಡಾಗ ನೋಡೋಕೆ ಹೇಗಿರುತ್ತೆ?" ಎಂದು ಕೇಳಿದ. ನನಗೆ ಆಶ್ಚರ್ಯವಾಯಿತು. "ನೀವು ನೋಡಿಲ್ವಾ?" ಎಂದು ಕೂಗಿದೆ. ಫಿರಂಗಿ ಹಾರಿಸುವವನು ಗೋಡೆಯ ಮರೆಯಲ್ಲಿ ತಲೆ ತಗ್ಗಿಸಿ, ಕಿವಿ ಒತ್ತಿ ಹಿಡಿದು ಕೂತಿರುತ್ತಾನಂತೆ. ಸದ್ದು ನಿಂತ ಕೂಡಲೇ ಮುಂದಿನ ಗುಂಡಿಗೆ ಫಿರಂಗಿಯ ಕೊಳಾಯಿ ಒರೆಸಬೇಕು. ತಲೆಯೆತ್ತಲು ಪುರುಸೊತ್ತಿಲ್ಲ. ತುಂಬುವವಳೂ ನೋಡಿಲ್ಲ, ಹಾರಿಸುವವನೂ ನೋಡಿಲ್ಲ. ಇಬ್ಬರ ಪಾಲಿನದನ್ನೂ ನಾನೊಬ್ಬಳೇ ಗೂಡಿನಲ್ಲಿ ಕೂತು ನೋಡುತ್ತಿದ್ದೆ. ಅವತ್ತು ಬೀದಿಯಲ್ಲಿ ನಿಂತು ಇಬ್ಬರಿಗೂ ಸೇರಿಸಿ ಹೇಳಿದೆ. ನನ್ನ ಗಂಟಲು ಬಿದ್ದುಹೋಯಿತು.

ದೊಡ್ಡ ಕಲ್ಲು ಬಂದದ್ದು ಆ ವರ್ಷದ ಚಳಿಗಾಲದಲ್ಲಿ.

ಒಂದು ವಾರದಿಂದ ಸಣ್ಣ ಕಲ್ಲುಗಳು ಬಿಡದೆ ಬೀಳುತ್ತಿದ್ದವು. ಗುಡ್ಡದಲ್ಲಿದ್ದ ಗುಂಡು ಕರಗುತ್ತ ಬಂದಿತ್ತು. ಕಾರ್ಖಾನೆಯಿಂದ ಗುಡ್ಡಕ್ಕೆ ಗುಂಡು ಹೋಗುತ್ತಿದ್ದುದು ಉಕ್ಕಿನ ಹಗ್ಗದ ಮೇಲೆ ತೂಗಾಡುವ ತೊಟ್ಟಿಲುಗಳಲ್ಲಿ. ಆ ದಿನ ಮಧ್ಯಾಹ್ನ ಒಂದು ಕಲ್ಲಿನ ಚೂರು ತಗುಲಿ ಆ ಹಗ್ಗವೇ ಕಡಿದುಹೋಯಿತು. ರಿಪೇರಿಯವರು ಹತ್ತಿ ನೋಡಿ, ನಾಳೆಗೆ ಮುಂಚೆ ಆಗುವುದಿಲ್ಲ ಎಂದು ಕೈಚೆಲ್ಲಿದರು. ಹೊತ್ತು ಇಳಿಯುತ್ತಿತ್ತು. ನಾನು ದುರ್ಬೀನಿನಲ್ಲಿ ಪಟ್ಟಿಯ ಕೆಳಗೆ ಒಂದು ಚುಕ್ಕೆ ಕಂಡೆ. ಬೇರೆ ಚುಕ್ಕೆಗಳು ಅತ್ತಿತ್ತ ಸರಿಯುತ್ತವೆ. ಇದು ಸರಿಯಲಿಲ್ಲ, ಇದ್ದಲ್ಲೇ ದೊಡ್ಡದಾಗುತ್ತ ಬಂತು. ಹಾಗಿದ್ದರೆ ಅದು ನಮ್ಮ ಕಡೆಗೇ ಬರುತ್ತಿದೆ ಎಂದು ಅರ್ಥ. ಫೋನೆತ್ತಿ ಗುಡ್ಡಕ್ಕೆ ಹೇಳಿದೆ.

ಸೈರನ್ ಕೂಗಿತು. ಮದ್ದಿನಮನೆಯವರು ಎಂದಿನಂತೆ ನೆಲಮಾಳಿಗೆಯ ಮೆಟ್ಟಿಲ ಹತ್ತಿರ ಸಾಲುಗಟ್ಟಿದರು. ಅಕ್ಕ ಇಳಿಯಲಿಲ್ಲ.

"ಮೇಸ್ತ್ರಿಗಳೇ, ಗುಡ್ಡದಲ್ಲಿ ಗುಂಡು ಇಲ್ಲ. ಇಲ್ಲಿ ಇಪ್ಪತ್ತು ಮೂವತ್ತು ರೆಡಿ ಇದಾವೆ. ಹೊತ್ಕೊಂಡು ಹೋಗೋಣ."

"ನಿಯಮ ಗೊತ್ತಿಲ್ವೇನಮ್ಮ? ಸೈರನ್ ಆದ ಮೇಲೆ ಮದ್ದು ಹೊರಗೆ ತೆಗೆಯೋ ಹಾಗಿಲ್ಲ."

"ಕಲ್ಲು ಬಿದ್ದ ಮೇಲೆ ನಿಯಮ ಎಲ್ಲಿರುತ್ತೆ, ನಾವೆಲ್ಲಿರ್ತೀವಿ?"

ಮೇಸ್ತ್ರಿ ತಲೆ ಕೆರೆದುಕೊಂಡರು. ಆಮೇಲೆ ತಾವೇ ಒಂದು ಗೋಣಿಚೀಲ ಹಾಸಿ ಮೊದಲ ಗುಂಡನ್ನು ಅದರ ಮೇಲೆ ಮಲಗಿಸಿದರು. "ಆ ತುದಿ ಹಿಡ್ಕೋ" ಎಂದರು.

ಒಂದೊಂದು ಗುಂಡಿಗೆ ಇಬ್ಬರು, ಗೋಣಿಯ ಎರಡು ತುದಿ ಹಿಡಿದು, ಕೂಸನ್ನು ಒಯ್ಯುವ ಹಾಗೆ ಅಲುಗಿಸದೆ. ಬೀದಿಯಲ್ಲಿ ಆಶ್ರಯಕ್ಕೆ ಓಡುತ್ತಿದ್ದವರು ಇವರನ್ನು ನೋಡಿ ನಿಂತರು. ದರ್ಜಿ ಬಂದ, ಶಾಲೆಯ ಮೇಡಂ ಬಂದರು, ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದ. ಗುಡ್ಡದ ದಾರಿಯುದ್ದಕ್ಕೂ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಗುಂಡು ದಾಟಿಸತೊಡಗಿದರು. ಗೂಡಿನಿಂದ ನಾನು ದುರ್ಬೀನನ್ನು ಒಂದು ಕ್ಷಣ ಕೆಳಗೆ ತಿರುಗಿಸಿದೆ. ನಮ್ಮ ಅಮ್ಮ! ಮಂಡಿನೋವೆಂದು ಮೂರು ಮೆಟ್ಟಿಲು ಹತ್ತಲು ಮೂರು ಸಲ ನಿಲ್ಲುವವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ನಡುವೆ ನಿಂತಿದ್ದಳು.

ಅಕ್ಕ ಮೊದಲ ಗುಂಡಿನ ಜತೆಗೇ ಗುಡ್ಡದ ತುದಿ ಮುಟ್ಟಿದ್ದಳು. ಅಲ್ಲಿ ನೋಡಿದರೆ ಗುಂಡು ತುಂಬುವ ಸಹಾಯಕ ಅಂಗೈ ಸುಟ್ಟುಕೊಂಡು ಕೂತಿದ್ದ. ಗುಡುಗಣ್ಣ ಒಬ್ಬನೇ ಎಲ್ಲವನ್ನೂ ಮಾಡಲು ಹೆಣಗುತ್ತಿದ್ದ. ಅಕ್ಕ ಕೇಳಲೂ ಇಲ್ಲ, ಹೇಳಲೂ ಇಲ್ಲ. ಮುಚ್ಚಳ ತಿರುಚಿ ತೆಗೆದಳು, ಅವನಿಗೆ ತೋರಿಸಿದಳು, ಗುಂಡನ್ನು ಕೊಳಾಯಿಗೆ ನೂಕಲು ಕೈಕೊಟ್ಟಳು. ಫೋನು ಅವಳ ಪಾಲಿಗೇ ಬಂತು.

ಮೊದಲನೆಯದು ಹಾರಿತು. ಆಕಾಶ ಖಾಲಿ. ಆಮೇಲೆ ಆ ನೀಲಿ.

"ಹೊತ್ತಿತು. ಆದ್ರೆ ಬಲಕ್ಕೆ ಹೋಯ್ತು, ತಗಲಿಲ್ಲ" ಎಂದೆ.

"ಸರಿ" ಎಂದಳು. ಅಕ್ಕನ ದನಿ ಎಂದು ಗೊತ್ತಾದದ್ದು ಆಗಲೇ. "ಅಕ್ಕಾ, ನೀನ್ಯಾಕೆ ಅಲ್ಲಿದೀಯಾ?" ಎಂದೆ. ಅವಳು ಫೋನು ಕೆಳಗಿಟ್ಟಾಗಿತ್ತು.

ಚುಕ್ಕೆ ಈಗ ಚುಕ್ಕೆಯಾಗಿರಲಿಲ್ಲ, ಬೆರಳುಗುರಿನಷ್ಟಾಗಿತ್ತು. ಎರಡನೆಯದು ಹಾರಿತು. ನಾನು ಕಾದೆ. ಆಕಾಶ ಖಾಲಿಯಾಗಿಯೇ ಉಳಿಯಿತು. ಎಷ್ಟು ಸಲ ಎಷ್ಟು ಸಲೀಸಾಗಿ ಹೇಳಿದ್ದ ಮಾತು ಅದು! ಅವತ್ತು ನಾಲಿಗೆ ಏಳಲಿಲ್ಲ. ಆ ಕಡೆ ಫೋನು ಹಿಡಿದವಳು ಅಕ್ಕ, ಆ ಕೊಳವೆ ತುಂಬಿದವಳೂ ಅಕ್ಕ.

"ಹೇಳೇ" ಎಂದಳು.

"ಹೊತ್ತಲಿಲ್ಲ ಅಕ್ಕ."

ಫೋನಿನಲ್ಲಿ ಗಾಳಿಯ ಸದ್ದು, ಗುಡುಗಣ್ಣನ ಕೂಗು. ಆಮೇಲೆ, "ಎಲ್ಲಿ ಬೀಳತ್ತೆ?"

"ಆಚೆ ಬಯಲಿಗೆ. ಜನ ಇಲ್ಲ."

"ಸರಿ. ಮುಂದಿನದು ಸರಿಯಾಗಿ ನೋಡು. ಅಳಬೇಡ, ಗಾಜು ಮಸುಕಾಗುತ್ತೆ."

ಮೂರನೆಯದಕ್ಕೆ ಅವಳು ಮುಚ್ಚಳ ತೆಗೆದಳು. ಕೊಳವೆಯ ಬಾಯಿಗೆ ಕಣ್ಣಿಟ್ಟು ನೋಡಿದಳಂತೆ, ಅಂಗೈಯಿಂದ ಸವರಿದಳಂತೆ. ಗುಂಡು ಒಳಗೆ ಹೋಯಿತು. ಗುಡುಗಣ್ಣ ಗೋಡೆಯ ಮರೆಗೆ ಬಂದು, ತಲೆ ತಗ್ಗಿಸಿ, ಕಿವಿ ಮುಚ್ಚಿ, ಅವಳಿಗೂ ಹಾಗೇ ಮಾಡು ಎಂದು ಸನ್ನೆ ಮಾಡಿ ಫಿರಂಗಿಯ ಹಗ್ಗ ಎಳೆದ. ಅಕ್ಕ ತಲೆ ತಗ್ಗಿಸಲಿಲ್ಲ. ಕಿವಿ ಮುಚ್ಚಲಿಲ್ಲ. ಗೋಡೆಯ ಆಚೆ ಹೋಗಿ ನಿಂತು ಮೇಲೆ ನೋಡಿದಳು.

ಮುಳುಗುವ ಸೂರ್ಯನ ಕೆಂಪಿನ ಮೇಲೆ, ಖಾಲಿ ಆಕಾಶದಲ್ಲಿ, ನೀಲಿ ಸೂಜಿಯೊಂದು ಹುಟ್ಟಿ ಉದ್ದವಾಯಿತು. ಹಳದಿ ಒಂದು ಎಳೆಯಷ್ಟೂ ಇರಲಿಲ್ಲ. ಅದು ನೇರ ಹೋಗಿ ಕಲ್ಲಿನ ಹೊಟ್ಟೆಯಲ್ಲಿ ಮರೆಯಾಯಿತು. ಕಲ್ಲು ಬೂದಿಗುಂಬಳದ ಹಾಗೆ ಸದ್ದಿಲ್ಲದೆ ಬಿರಿಯಿತು. ಎಷ್ಟೋ ಹೊತ್ತಿನ ಮೇಲೆ ಸದ್ದು ಬಂತು.

"ಹೊತ್ತಿತು! ಅಕ್ಕಾ, ಹೊತ್ತಿತು! ಒಡೀತು!" ನಾನು ಫೋನಿಗೆ ಕಿರುಚಿದೆ.

ಆ ಕಡೆ ಯಾರೂ ಇರಲಿಲ್ಲ. ಜೋತುಬಿದ್ದ ಫೋನಿನಲ್ಲಿ ಅಕ್ಕನ ದನಿ ದೂರದಿಂದ ಕೇಳುತ್ತಿತ್ತು. "ಏಳ್ರೀ! ತಲೆ ಎತ್ರೀ! ಅಲ್ಲಲ್ಲ, ಮೇಲೆ, ಮೇಲೆ ನೋಡ್ರೀ!"

ಅವಳು ಅವನ ಗಲ್ಲ ಹಿಡಿದು ಮೇಲಕ್ಕೆತ್ತಿದಳೆಂದು ಆಮೇಲೆ ಸಹಾಯಕ ಹೇಳಿದ. ಸೂಜಿಯ ಹೊಗೆ ಇನ್ನೂ ಕರಗಿರಲಿಲ್ಲ. ಚೂರುಗಳು ಉರಿಯುತ್ತ ನಾಲ್ಕೂ ಕಡೆ ಇಳಿಯುತ್ತಿದ್ದವು. ಇಬ್ಬರೂ ಬಾಯಿ ತೆರೆದುಕೊಂಡು ಮಕ್ಕಳ ಹಾಗೆ ನಿಂತಿದ್ದರಂತೆ. ಮುಂದಿನ ಗುಂಡಿಗೆ ಕೊಳಾಯಿ ಒರೆಸಬೇಕೆಂದು ಗುಡುಗಣ್ಣನಿಗೆ ನೆನಪಾಗಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಅಕ್ಕನ ಎಡಗಿವಿ ಅವತ್ತೇ ಹೋಯಿತು. ಆಸ್ಪತ್ರೆಯವರು ಏನೇನೋ ಹನಿ ಹಾಕಿದರು, ಮರಳಿ ಬರಲಿಲ್ಲ. ಅವಳಿಗೇನೂ ಬೇಸರವಿರಲಿಲ್ಲ. "ನೋಡಿದೆನಲ್ಲ" ಎನ್ನುತ್ತಿದ್ದಳು. ಆದರೆ ಆ ಎರಡನೆಯ ಗುಂಡು ಏಕೆ ಹೊತ್ತಲಿಲ್ಲ ಎನ್ನುವುದು ಅವಳನ್ನು ಇಂದಿಗೂ ಕಾಡುತ್ತಿದೆ. ಬಯಲಿನಲ್ಲಿ ಅದು ಸಿಗಲೇ ಇಲ್ಲ.

ಅಂದು ಮನೆಗೆ ಬಂದು ನೋಡಿದರೆ ನಮ್ಮ ಸೂರಿನಲ್ಲಿ ತೂತು. ಅಮ್ಮನ ಹಾಸಿಗೆಯ ನಟ್ಟನಡುವೆ ಒಂದು ಕಪ್ಪು ಕಲ್ಲು, ಮುಷ್ಟಿಯಷ್ಟು, ಹಾಸಿಗೆಯನ್ನು ಸುಟ್ಟು ಮಂಚದ ಹಲಗೆಯ ಮೇಲೆ ಬೆಕ್ಕಿನ ಹಾಗೆ ಕೂತಿದೆ. ಸಾಲಿನಲ್ಲಿ ನಿಂತು ಗುಂಡು ದಾಟಿಸದೆ ಅಮ್ಮ ಮನೆಯಲ್ಲೇ ಮಲಗಿದ್ದಿದ್ದರೆ? ಮೂವರಿಗೂ ಒಟ್ಟಿಗೇ ಅದೇ ಯೋಚನೆ ಬಂದಿರಬೇಕು. ಕಡೆಗೆ ಅಮ್ಮ ಸೊಂಟದ ಮೇಲೆ ಕೈಯಿಟ್ಟು, "ಊರಿಗೆ ಊರೇ ಸೇರ್ಕೊಂಡು ಒಂದು ಕಲ್ಲು ನೆಟ್ಟಗೆ ಒಡೆಯೋಕಾಗ್ಲಿಲ್ಲ ನಿಮಗೆ" ಎಂದಳು. ಅಕ್ಕ ನಗಲು ಶುರುಮಾಡಿದವಳು ನಡುವೆ ಅತ್ತಳು.

ಸೂರು ಸರಿಮಾಡಲು ಬಂದವನು ಗುಡುಗಣ್ಣ. ಯಾರೂ ಕರೆದಿರಲಿಲ್ಲ. ಏಣಿ, ತಗಡು, ಮೊಳೆ ಹೊತ್ತುಕೊಂಡು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದ. ಅಮ್ಮ ಮುಖ ಗಂಟಿಕ್ಕಿಕೊಂಡೇ ಏಣಿ ಹಿಡಿದಳು. ಅವನು ಮೇಲೆ ಹತ್ತಿ ಕೆಲಸ ಮಾಡುವಾಗ ಅಕ್ಕ ಒಳಗೆ ಚಹಾ ಮಾಡುತ್ತಿದ್ದಳು. ಹತ್ತಿರದಲ್ಲಿದ್ದರೆ ಅವನು ತುಟಿಯ ಚಲನೆ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ. ಸೂರಿನ ಮೇಲಿಂದ ಅಮ್ಮನ ಬೈತಲೆಯಷ್ಟೇ ಕಾಣುತ್ತಿತ್ತು.

"ಮುಗೀತೇನಪ್ಪಾ?" ಎಂದು ಅಮ್ಮ ಕೆಳಗಿನಿಂದ ಕೇಳಿದಳು.

ಗುಡುಗಣ್ಣ ಸುತ್ತಿಗೆ ಕೆಳಗಿಟ್ಟ. ಅಮ್ಮ ಕೇಳಬಹುದಾದ ಪ್ರಶ್ನೆ ಒಂದೇ ಎಂದು ಅವನು ತಿಂಗಳುಗಳಿಂದ ಉತ್ತರ ಬಾಯಿಪಾಠ ಮಾಡಿಕೊಂಡಿದ್ದನೇನೋ. ಎದ್ದು ನಿಂತು, ತಗಡೆಲ್ಲ ಅದುರುವ ಹಾಗೆ ಕೂಗಿದ:

"ನಂಗೆ ಪೂರ್ತಿ ಒಪ್ಪಿಗೆ ಇದೆ ಅಮ್ಮಾ! ಅವಳನ್ನ ಚೆನ್ನಾಗಿ ನೋಡ್ಕೋತೀನಿ! ನೀವು ಯಾವಾಗ ಅಂದ್ರೆ ಆವಾಗ ಮದುವೆ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಎದುರುಮನೆಯ ದರ್ಜಿ ಚಪ್ಪಾಳೆ ತಟ್ಟಿದ. ಅಮ್ಮ ಏಣಿ ಹಿಡಿದವಳು ಹಿಡಿದ ಹಾಗೇ ನಿಂತಳು. ಆಮೇಲೆ ಒಳಗೆ ತಿರುಗಿ, "ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕೇ, ಅಳಿಯಂದಿರು ಬಂದಿದಾರೆ" ಎಂದಳು.

ಮುಂದೆ ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಅವರ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಹೊಸದಾಗಿ ಬಂದವರು ದಿನಾ ಜಗಳವೆಂದು ತಿಳಿಯುತ್ತಿದ್ದರು. ನಿಜವಾಗಿ ಜಗಳವಾದ ದಿನ ಮಾತ್ರ ಆ ಮನೆ ತಣ್ಣಗಿರುತ್ತಿತ್ತು. ಭಾವ ಮಗಳಿಗೆ ಲಾಲಿ ಹಾಡಿದರೆ ಪಕ್ಕದ ಮನೆಯ ಕೂಸುಗಳೆಲ್ಲ ಎದ್ದು ಕೂರುತ್ತಿದ್ದವು.

ಆಮೇಲೆ ಆಕಾಶದ ಅಂಚಿಗೇ ಬೆಳಕಿನ ಯಂತ್ರಗಳು ಹೋದವು. ಕಲ್ಲು ಪಟ್ಟಿಯಿಂದ ಕಳಚುವ ಮುಂಚೆಯೇ ಅವು ಸದ್ದಿಲ್ಲದೆ ಕರಗಿಸಿಬಿಡುತ್ತವೆ. ಒಳ್ಳೆಯದೇ ಆಯಿತು. ಸೈರನ್ ನಿಂತಿತು. ಫಿರಂಗಿಗುಡ್ಡ ಉದ್ಯಾನವಾಯಿತು. ಭಾವ ಅಲ್ಲೇ ಮಾಲಿಯಾಗಿ ಸೇರಿಕೊಂಡು, ತಾನು ಹಾರಿಸುತ್ತಿದ್ದ ಫಿರಂಗಿಯ ಸುತ್ತ ಹೂವಿನ ಗಿಡ ಬೆಳೆಸಿದ. ಕಾರ್ಖಾನೆಯಲ್ಲಿ ನೀರಿನ ಪಂಪು ಮಾಡತೊಡಗಿದರು. ಅಕ್ಕ ಕೈತುಂಬ ಬಳೆ ಹಾಕಿಕೊಂಡು ಕೆಲಸಕ್ಕೆ ಹೋದ ಮೊದಲ ದಿನ, ಬಾಗಿಲಲ್ಲಿ ನಿಂತು ಕೈಯಾಡಿಸಿ ಸದ್ದು ಮಾಡಿ ತೋರಿಸಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಗೂಡನ್ನೂ ಮುಚ್ಚಿದರು. ನಾನು ಹವಾಮಾನದ ಕಚೇರಿಗೆ ಹೋಗಿ ಮೋಡ ನೋಡತೊಡಗಿದೆ. ಮೋಡದ ಬಗ್ಗೆ ಹೇಳಲು ಬಹಳ ಮಾತು ಬೇಕಾಗುತ್ತಿತ್ತು. ಒಂದೂ ನಾಲಿಗೆಗೆ ಹತ್ತಲಿಲ್ಲ.

ಭಾವ ಹೋಗಿ ಈಗ ಕೆಲವು ವರ್ಷವಾಯಿತು. ಅಕ್ಕ ನನ್ನ ಜತೆಗಿದ್ದಾಳೆ. ಮೊನ್ನೆ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ಬಸ್ಸು ಬೇಗ ಸಿಗಲಿಲ್ಲ. ನಡೆಯುತ್ತ ಹಳೆಯ ಕಾರ್ಖಾನೆಯ ಹಿಂದಿನ ರಸ್ತೆಗೆ ಬಂದೆವು. ಅಕ್ಕ ಇದ್ದಕ್ಕಿದ್ದಂತೆ ನಿಂತಳು.

"ಇದೇ ಗೋಡೆ ಕಣೇ. ಬಿಸಿ ಕಪಾಟುಗಳಿದ್ದದ್ದು ಇದರ ಒಳಗಡೆ. ಚಳಿಗಾಲದಲ್ಲಿ ಎಷ್ಟು ಬೆಚ್ಚಗಿರ್ತಿತ್ತು ಗೊತ್ತಾ! ನಾವೆಲ್ಲ ಹೆಂಗಸರು ಸಾಲಾಗಿ ಬೆನ್ನು ಕೊಟ್ಟು ಕೂತ್ಕೊಂಡು ಊಟ ಮಾಡ್ತಿದ್ವಿ. ಒಬ್ಬಳು ಕೂತಲ್ಲೇ ನಿದ್ದೆ ಹೋಗ್ಬಿಡ್ತಿದ್ಲು, ತುತ್ತು ಬಾಯಲ್ಲಿ ಇಟ್ಕೊಂಡೇ."

"ನೀನು ಇದನ್ನ ಹೇಳೇ ಇಲ್ಲವಲ್ಲೇ" ಎಂದೆ.

"ನೀನು ಕೇಳ್ಳಿಲ್ಲ. ನಾನೇ ಯಾವಾಗ್ಲೂ ನಿನ್ನ ಕೇಳ್ತಿದ್ದೆ."

ಅವಳು ನಿಧಾನವಾಗಿ ಮಂಡಿ ಮಡಚಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಗೋಡೆ ತಣ್ಣಗಿತ್ತು. ಅಕ್ಕ ಕಾಲು ಚಾಚಿ, ಆ ಹೆಂಗಸರು ಒಬ್ಬೊಬ್ಬರೂ ಎಲ್ಲೆಲ್ಲಿ ಕೂರುತ್ತಿದ್ದರೆಂದು ಕೈತೋರಿಸಿ ಹೇಳುತ್ತ ಹೋದಳು. ಬಸ್ಸು ಒಂದು ಬಂತು, ಹೋಯಿತು. ಇನ್ನೊಂದು ಬರಲಿ ಎಂದು ನಾವು ಎದ್ದೇಳಲಿಲ್ಲ.